ಫಿಲಂ ಭಾವ, ಡಿಜಿಟಲ್ ಭಾವಮೈದ

ಕ್ಯಾಮೆರಾ ಎದುರಿಗೆ ಬಂದರೆ ಜನ ಉಸಿರು ಬಿಗಿಹಿಡಿದು, ಬುದ್ಧಿಯನ್ನು ಸಡಿಲ ಬಿಡುತ್ತಾರೆ. ನಂಜನಗೂಡಿನಲ್ಲಿ ಇದಕ್ಕೆ ಮುಹೂರ್ತವೇನೂ ಬೇಕಿಲ್ಲ.

ಎರಡು ಸಾವಿರದ ಇಸವಿ ಕಳೆದ ಹೊಸತು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ, ಸಂಜೆ ಗೆಳೆಯನ ಸ್ಟುಡಿಯೋದಲ್ಲಿ ಕೂರುತ್ತಿದ್ದೆ. ಅವನು ಫಿಲಂ ರೋಲಿನವನು. ಟಿ. ನರಸೀಪುರದ ಅವನ ಭಾವಮೈದ ಡಿಜಿಟಲ್ ಕ್ಯಾಮೆರಾ ತಂದ. ಮದುವೆಗಳೆಲ್ಲ ಆ ಕಡೆ ಹರಿದವು. ಉಳಿದದ್ದು ಬಿಳಿಗೆರೆಯ ಗೌಡರೊಬ್ಬರು: ಮಗಳ ಮದುವೆ, ಅದರ ಬೆನ್ನಿಗೇ ಇಬ್ಬರು ಗಂಡುಮಕ್ಕಳದ್ದು.

"ಇದೂ ಹೋದ್ರೆ ಬಾಗಿಲು ಹಾಕೋದೇ ಮೇಷ್ಟ್ರೇ" ಎಂದ ಗೆಳೆಯ.

ಗೌಡರು, "ಇಬ್ರೂ ತೆಗೀರಿ. ಯಾರ್ದು ಚೆಂದ ನೋಡವಾ" ಎಂದರು.

೧. ಸಂಗಮ

ಮೊದಲ ಪರೀಕ್ಷೆ ಕಪಿಲೆ, ಕಾವೇರಿ ಸೇರುವಲ್ಲಿ, ಬೆಳಗಿನ ಮಂಜಿನಲ್ಲಿ. ಫಿಲಂ ಚಿತ್ರದಲ್ಲಿ ಎರಡು ನದಿಗಳು ನಿದ್ದೆಗಣ್ಣಲ್ಲೇ ಒಂದಕ್ಕೊಂದು ಒರಗಿದಂತಿದ್ದವು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೋ ತಿಳಿಯದು. ಡಿಜಿಟಲ್‌ನಲ್ಲಿ, ಕಲ್ಲಿನ ಮೇಲೆ ಯಾರೋ ಮರೆತ ಸೋಪು ಸ್ಪಷ್ಟವಾಗಿ ಕಾಣುತ್ತಿತ್ತು.

"ಮೂರು ಮೆಗಾಪಿಕ್ಸೆಲ್ ಸಾ!" ಎಂದ ಭಾವಮೈದ.

"ಫಿಲಂನಲ್ಲಿ ಎಷ್ಟವೆ ಮೇಷ್ಟ್ರೇ?" ಗೌಡರು ನನ್ನನ್ನು ಕೇಳಿದರು.

ಫಿಲಂನಲ್ಲಿ ಹಾಗೆ ಲೆಕ್ಕವಿಲ್ಲ, ಬೆಳಕು ಬೀಳುವುದು ಬೆಳ್ಳಿಯ ಕಣಗಳ ಮೇಲೆ ಎಂದು ವಿವರಿಸಿದೆ. ಹೊಳಪು, ನೆರಳು, ಕಣದ ಗಾತ್ರ ಎಲ್ಲ ಹೇಳಿದೆ. ಗೌಡರು ಕಣ್ಣು ಮಿಟುಕಿಸದೆ ಕೇಳಿದರು.

"ಅದೆಲ್ಲಾ ಸರಿ. ರೋಲ್ ತೊಳೆದ ಮೇಲೆ ಆ ಬೆಳ್ಳಿ ಯಾರು ಮಡಿಕತ್ತಾರೆ?"

೨. ಗೌಡರ ತಾಯಿ

ಎರಡನೆಯದು ಗೌಡರ ತಾಯಿಯ ಭಾವಚಿತ್ರ. ಫಿಲಂನಲ್ಲಿ ಅಜ್ಜಿ ಯಾವುದೋ ಹಳೆಯ ಮಧ್ಯಾಹ್ನದೊಳಗೆ ಕೂತಂತಿದ್ದರು. ಡಿಜಿಟಲ್‌ನಲ್ಲಿ ಒಂದೊಂದು ಸುಕ್ಕೂ ಹಾಜರಿ ಹೇಳುತ್ತಿತ್ತು.

"ಇವಳ್ಯಾರ್ಲಾ? ನಮ್ಮತ್ತೆ ಇದ್ದಂಗವ್ಳೆ!"

"ನೀವೇ ಅಜ್ಜೀ. ಇರೋ ನಿಜಾನೇ ತೋರಿಸ್ತದೆ ಇದು" ಎಂದ ಭಾವಮೈದ.

"ನಿಜ ನೋಡಕ್ಕೆ ಮನೇಲಿ ಕನ್ನಡಿ ಅದೆ ಕಣಪ್ಪಾ. ಫೋಟೋ ಯಾಕೆ?"

೩. ತಾಳಿ

ಆದರೂ ಗೌಡರು ತೀರ್ಮಾನವನ್ನು ಮಗಳ ಮದುವೆಗೇ ಬಿಟ್ಟರು. ಗಟ್ಟಿಮೇಳ ಮೊಳಗಿತು, ಕೊರಳಿಗೆ ತಾಳಿ ಬಿತ್ತು, ಗಾಳಿಯಲ್ಲಿ ಅಕ್ಷತೆ ಹಳದಿ ಮಂಜಿನಂತೆ ತೇಲಿತು. ಗೆಳೆಯ ಒಂದೇ ಸಲ ಒತ್ತಿದ. ಭಾವಮೈದನೂ ಒತ್ತಿ, ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯನ್ನು ಎಲ್ಲರಿಗೂ ತೋರಿಸಿದ. ಮದುಮಗಳ ಪಕ್ಕದಲ್ಲಿ ಅಜ್ಜಿ ಕಣ್ಣು ಮುಚ್ಚಿದ್ದರು.

"ಅಯ್ಯೋ, ಇನ್ನೊಂದ್ಸಲ ಕಟ್ಟು ಮಗಾ" ಎಂದರು ಅಜ್ಜಿ ಮದುಮಗನಿಗೆ.

ಪುರೋಹಿತರು ಬೆಚ್ಚಿದರು. "ಒಬ್ಬಳೇ ಹೆಂಡ್ತಿಗೆ ಎಷ್ಟು ಸಲ ಕಟ್ಟಿಸ್ತೀರಮ್ಮಾ?"

ಕೊನೆಗೆ ಮದುಮಗ ಕಟ್ಟಿದಂತೆ ನಟಿಸಿದ. ಮತ್ತೆ ವಾಲಗ, ಮತ್ತೆ ಅಕ್ಷತೆ. ಅಕ್ಕಿ ಮುಖಕ್ಕೆ ಬಂದಾಗಲೆಲ್ಲ ಅಜ್ಜಿಯ ಕಣ್ಣು ಮುಚ್ಚಿತು. ಅಕ್ಷತೆಯ ತಟ್ಟೆ ಖಾಲಿಯಾದ ಮೇಲೆ ಎಲ್ಲರೂ ಊಟಕ್ಕೆ ಎದ್ದರು.

ಮುಂದಿನ ವಾರ ಮೈಸೂರಿನ ಲ್ಯಾಬಿನಿಂದ ಗೆಳೆಯನ ಪ್ರಿಂಟ್ ಬಂತು. ಅದರಲ್ಲೂ ಕಣ್ಣು ಮುಚ್ಚಿತ್ತು. ಅವನು ತೀರಾ ಸಣ್ಣ ಕುಂಚ ತೆಗೆದು, ಅಜ್ಜಿಯ ರೆಪ್ಪೆಗಳ ಮೇಲೆ ಎರಡು ಕಣ್ಣು ಬರೆದ. ಕಮಲದಂಥ ಕಣ್ಣು, ನಿಜ. ಆದರೆ ಅವು ಮದುಮಕ್ಕಳನ್ನು ಬಿಟ್ಟು ಊಟದ ಮನೆಯ ಕಡೆ ನೋಡುತ್ತಿದ್ದವು. ಇನ್ನು ಸ್ಟುಡಿಯೋ ಮುಗಿಯಿತು ಎಂದುಕೊಂಡೆ.

ಗೌಡರು ಎರಡೂ ಫೋಟೋ ಪಕ್ಕಪಕ್ಕ ಇಟ್ಟರು. ಅಜ್ಜಿ ಬಹಳ ಹೊತ್ತು ನೋಡಿ, ಗೆಳೆಯನತ್ತ ಬೆರಳು ತೋರಿಸುತ್ತಾ ಮಗನ ಕಡೆ ತಿರುಗಿದರು.

"ಹುಡುಗ್ರ ಮದ್ವೆಗೂ ಇವನ್ನೇ ಕರಿ ಕಣ್ಲಾ. ನಾನು ಕಣ್ಣು ಬುಟ್ಕಂಡೇ ನಿಂತಿದ್ದೆ. ಮುಚ್ಕಂಡಿದ್ದು ಆ ಡಿಜಿಟಲ್ಲು!"