ನೆಟ್ಟಗೆ ಮೇಷ್ಟ್ರ ಸೊಂಟ

ಎಲ್ಲಕ್ಕೂ ಕಾರಣ ಒಂದು ಸೋಪಿನ ಚೂರು. ಬಚ್ಚಲಲ್ಲಿ ಜಾರಿಬಿದ್ದ ಅದನ್ನು ಎತ್ತಲು ಮೇಷ್ಟ್ರು ಸೊಂಟ ಬಗ್ಗಿಸಿದರು. ಶಾಲೆಯ ಮಕ್ಕಳಿಗೆ ನಿಲ್ಲುವುದು, ಕೂರುವುದು, ನಡೆಯುವುದನ್ನು ಕಲಿಸುತ್ತಲೇ ತಲೆ ನರೆತ ಮನುಷ್ಯ. ಮಾತೆತ್ತಿದರೆ ‘ನೆಟ್ಟಗೆ, ನೆಟ್ಟಗೆ’ ಎನ್ನುವುದರಿಂದ ಮಕ್ಕಳು ಇಟ್ಟ ಹೆಸರೂ ನೆಟ್ಟಗೆ ಮೇಷ್ಟ್ರು. ಕೆಳಗೆ ಬಿದ್ದದ್ದನ್ನು ಮಂಡಿ ಮಡಿಸಿ ಎತ್ತಬೇಕು, ಸೊಂಟ ಬಗ್ಗಿಸಬಾರದು ಎಂದು ಬಾಯಿ ನೋಯುವಷ್ಟು ಹೇಳಿದವರು. ಬಚ್ಚಲಲ್ಲಿ ಯಾರು ನೋಡುತ್ತಾರೆ ಅಂದುಕೊಂಡರು. ಮೇಲೇಳುವಾಗ ಕಟಕ್ ಎಂದು ಹಿಡಿದುಕೊಂಡ ಸೊಂಟ ಮತ್ತೆ ಬಗ್ಗಲೇ ಇಲ್ಲ.

ಹಿಡಿದುಕೊಳ್ಳಲು ಅದಕ್ಕೆ ಬೇರೆ ದಿನ ಸಿಗಲಿಲ್ಲವೇ? ಶಾಲೆಯ ಹೊಸ ಅಧ್ಯಕ್ಷರು ಅಂದೇ ಅವರ ತರಗತಿಗೆ ಬರುವವರಿದ್ದರು. ಕೆಲಸಕ್ಕೆ ಬಾರದ ಪಾಠಗಳನ್ನೆಲ್ಲ ಕಿತ್ತುಹಾಕುತ್ತಾರಂತೆ. ನಿಲ್ಲಲು ಕಲಿಸುವವನದೇ ಸೊಂಟ ಹೋಗಿದೆ ಎಂದು ಗೊತ್ತಾದರೆ ಕೆಲಸ ಹೋದ ಹಾಗೇ. ಈ ವಯಸ್ಸಿನಲ್ಲಿ ಬೇರೆ ಯಾರು ಕರೆದು ಕೆಲಸ ಕೊಡುತ್ತಾರೆ?

ನರಳಾಟ ಕೇಳಿ ಕೆಳಗಿನ ಮನೆಯ ರಿಟೈರ್ಡ್ ಕಂಡಕ್ಟರ್ ಮೇಲೆ ಬಂದರು. ಬೇಡವೆಂದರೂ ಕೇಳದೆ ಬೆನ್ನಿಗೆ ಮೊಣಕಾಲು ಕೊಟ್ಟು ಒತ್ತಿದರು. ಅಷ್ಟೋ ಇಷ್ಟೋ ತಿರುಗುತ್ತಿದ್ದ ಕತ್ತೂ ನಿಂತುಹೋಯಿತು. ಬಗ್ಗಲಾಗದ ಗಂಡನಿಗೆ ಹೆಂಡತಿಯೇ ಶೂ ಕಟ್ಟಿದಳು.

ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗದೆ ದಾರಿಗಡ್ಡವಾಗಿ ನಿಂತರು. ಇದೇನು ಸೊಕ್ಕಪ್ಪಾ ಎಂದು ಜನ ಬೈದರು. ಶಾಲೆಯಲ್ಲಿ ಡ್ರಾಯಿಂಗ್ ಮೇಡಂ ನಮಸ್ಕಾರ ಹೇಳಿದರೆ ಇವರ ತಲೆ ಒಂದಿಂಚೂ ಅಲ್ಲಾಡಲಿಲ್ಲ. ಅಧ್ಯಕ್ಷರು ಬರುತ್ತಾರೆಂದು ಈಗಲೇ ಗತ್ತು ನೋಡು ಎಂದು ಆಕೆ ಸ್ಟಾಫ್ ರೂಮಿಗೆಲ್ಲ ಸಾರಿಬಂದರು.

ಅಧ್ಯಕ್ಷರು ಬಂದರು. ಮೇಷ್ಟ್ರು ಗಳ ನುಂಗಿದವರಂತೆ ನಿಂತಿದ್ದರು. ಅಧ್ಯಕ್ಷರು ಅವರ ಸುತ್ತ ಒಂದು ಸುತ್ತು ಬಂದರು.

“ಎಂಥ ನಿಲುವು ಮೇಷ್ಟ್ರೇ. ನಾನೆಲ್ಲೂ ನೋಡಿಲ್ಲ.”

ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ಅಧ್ಯಕ್ಷರು ಮಕ್ಕಳ ಕಡೆ ತಿರುಗಿದರು.

“ಇಷ್ಟು ದಿನ ನಿಮ್ಮನ್ನ ನೋಡ್ಕೊಂಡೂ ಇವರು ಮೂಟೆ ಥರ ಕೂತಿದಾರೆ ನೋಡಿ. ಇದು ಹುಟ್ಟಿನಿಂದ ಬರಬೇಕು, ಕಲಿಸಿದ್ರೆ ಬರೋದಲ್ಲ. ನಿಮಗೂ ಸುಮ್ನೆ ಶ್ರಮ. ತಿಂಗಳ ಕೊನೆಗೆ ಈ ಕ್ಲಾಸು ನಿಲ್ಲಿಸಿಬಿಡೋಣ.”

“ಹುಟ್ಟಿನಿಂದ ಬಂದದ್ದಲ್ಲ ಸಾರ್,” ಮೇಷ್ಟ್ರ ಬಾಯಿಂದ ನಿಜ ಹೊರಬಿದ್ದೇಬಿಟ್ಟಿತು. “ಬೆಳಿಗ್ಗೆ ಸೊಂಟ ಹಿಡ್ಕೊಂಡಿದೆ.”

ಅಧ್ಯಕ್ಷರು ಕನಿಕರದಿಂದ ನೋಡಿದರು. “ಮೊದಲೇ ಹೇಳಬಾರದಿತ್ತಾ? ಹಾಗಾದ್ರೆ ತಿಂಗಳ ಕೊನೇವರೆಗೆ ಯಾಕೆ, ಇವತ್ತೇ ಮನೆಗೆ ಹೋಗಿ ಮಲಗಿ.”

ಮೇಷ್ಟ್ರು ಗೇಟು ದಾಟುವಷ್ಟರಲ್ಲಿ ಹೆಗಲು ಜೋತುಬಿತ್ತು, ಕತ್ತು ಬಾಗಿತು, ಬೆನ್ನು ಗೂನಾಯಿತು. ನೋವೇನೂ ಇರಲಿಲ್ಲ.

ಮನೆ ಬಾಗಿಲಲ್ಲಿ ತಾವೇ ಬಗ್ಗಿ ಶೂ ಬಿಚ್ಚಿದರು. ಅದನ್ನು ಕಂಡು ಹೆಂಡತಿಯ ಮುಖ ಅರಳಿತು.

“ಸದ್ಯ, ಸೊಂಟ ಬಿಡ್ತಲ್ಲ. ನಾಳೆಯಿಂದ ಆರಾಮಾಗಿ ಕೆಲಸಕ್ಕೆ ಹೋಗಬಹುದು.”