ಸ್ಪಾರ್ಟಾಕ್ಕೆ ಮುನ್ನ ಸ್ವಾಗತ ಭಾಷಣ

ಪಾಠ ಹೇಳುವವರ ಬದುಕಿನಲ್ಲಿ ನಗೆಯ ಪ್ರಸಂಗಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಅವು ನಡೆಯುವಾಗ ನಗುವಷ್ಟು ಸಹನೆಗೆ. ನನಗೆ ನಗು ಬರುವುದು ಸಾಮಾನ್ಯವಾಗಿ ನಾಲ್ಕೈದು ವರ್ಷ ತಡವಾಗಿ. ಇಲ್ಲಿರುವವು 2013–14ರ ಶಾಲಾ ವರ್ಷದವು. ಆಗ ನಾನು ದುಬೈಯ ಮಿರ್ದಿಫ್ ಸಮೀಪ, ಬ್ರಿಟಿಷ್ ಪಠ್ಯಕ್ರಮದ ಶಾಲೆಯೊಂದರಲ್ಲಿ ಪ್ರಾಚೀನ ಗ್ರೀಸ್ ಮತ್ತು ರೋಮಿನ ನಾಗರಿಕತೆಯನ್ನು ಕಲಿಸುತ್ತಿದ್ದೆ. ಕೊನೆಯ ವರ್ಷದ ತರಗತಿಯಲ್ಲಿ ಆ ವಿಷಯಕ್ಕೆ ಆರು ಮಂದಿ. ಐವರ ಮೇಲೆ ನನಗೆ ದೂರಿಲ್ಲ. ಇದು ಆರನೆಯವಳ ವಿಚಾರ.

ಸ್ಪಾರ್ಟಾ ಎಲ್ಲಿ?

ಡಿಸೆಂಬರಿನ ಮಾದರಿ ಪರೀಕ್ಷೆಯ ಪ್ರಶ್ನೆ ಸರಳವಾಗಿತ್ತು: ‘ಸ್ಪಾರ್ಟಾದ ಹೆಂಗಸರು ಅಥೆನ್ಸಿನ ಹೆಂಗಸರಿಗಿಂತ ಸ್ವತಂತ್ರರಾಗಿದ್ದರು. ಈ ಮಾತನ್ನು ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?’ ಸಮಯ ನಲವತ್ತೈದು ನಿಮಿಷ. ಒಪ್ಪಬಹುದು, ಒಪ್ಪದಿರಬಹುದು, ಆದರೆ ಮೊದಲ ವಾಕ್ಯದಲ್ಲೇ ಹೇಳಿಬಿಡಬೇಕು, ಆಮೇಲೆ ಆಧಾರ ಕೊಡಬೇಕು. ಇದನ್ನು ನಾನು ಸೆಪ್ಟೆಂಬರಿನಿಂದ ಹೇಳುತ್ತಾ ಬಂದಿದ್ದೆ.

ಹುಡುಗಿ ಇಂಗ್ಲಿಷಿನಲ್ಲಿ ಬರೆದದ್ದರ ಸಾರ ಹೀಗಿತ್ತು: ಮಾನವಕುಲಕ್ಕೆ ಗ್ರೀಸ್ ದೇಶದ ಕೊಡುಗೆ ಅಪಾರ. ಆ ದೇಶದ ಸಮುದ್ರ ಸುಂದರ. ಇಂಥ ಅರ್ಥಪೂರ್ಣ ಪ್ರಶ್ನೆಯನ್ನು ಕೇಳಿದ್ದು ಅತ್ಯಂತ ಸಂತೋಷದ ವಿಷಯ. ಮೊದಲ ಪುಟ ಮುಗಿಯಿತು; ಎರಡನೆಯದೂ ಮುಗಿಯಿತು. ಸ್ಪಾರ್ಟಾ ಬರಲಿಲ್ಲ, ಹೆಂಗಸರಂತೂ ಬರಲೇ ಇಲ್ಲ. ನಾನು ಅವಳನ್ನು ಎದುರಿಗೆ ನಿಲ್ಲಿಸಿ ಕೇಳಿದೆ:

“ಸ್ಪಾರ್ಟಾ ಎಲ್ಲಿ?”

“ಕಮಿಂಗ್, ಮಿಸ್. ನೆಕ್ಸ್ಟ್ ಪೇಜ್.”

ಮುಂದಿನ ಪುಟ ತಿರುಗಿಸಿದೆ. ಸ್ಪಾರ್ಟಾ ಒಂದು ವಾಕ್ಯದಲ್ಲಿ ಬಂದು ಹೋಗಿತ್ತು. ಉಳಿದದ್ದು ಓದಿದವರಿಗೆಲ್ಲ ಧನ್ಯವಾದ.

ನಾನು ಡಿ ಶ್ರೇಣಿ ಕೊಟ್ಟೆ. ಅವಳಿಗೆ ಇಂಗ್ಲೆಂಡಿನಲ್ಲಿ ಕಾನೂನು ಓದಲು ಸೀಟು ಸಿಕ್ಕಿತ್ತು, ನನ್ನ ವಿಷಯದಲ್ಲಿ ಬಿ ಬಂದರೆ ಮಾತ್ರ. ಅದಕ್ಕೂ ಮೊದಲೇ ಇನ್ನೊಂದು ಕಂಟಕವಿತ್ತು. ಫೆಬ್ರವರಿಯ ಎರಡನೆಯ ಮಾದರಿ ಪರೀಕ್ಷೆಯಲ್ಲಿ ಸಿ ಬಾರದವರ ಹೆಸರನ್ನು ನಮ್ಮ ಶಾಲೆ ಅಂತಿಮ ಪರೀಕ್ಷೆಗೆ ಕಳುಹಿಸುತ್ತಿರಲಿಲ್ಲ. ಫಲಿತಾಂಶದ ಹಲಗೆ ಚೊಕ್ಕಟವಾಗಿರಬೇಕೆಂದು ಮಗುವನ್ನೇ ಒರೆಸಿಹಾಕುವ ಈ ಪದ್ಧತಿಯನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನಗು ಬರುವ ಭಾಗಗಳನ್ನು ಮಾತ್ರ ಹೇಳಲು ಹೊರಟಿರುವುದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ಮೂಲದ ಶೋಧನೆ

ತಂದೆಯನ್ನು ಕರೆಸಿದೆ. ಉಡುಪಿಯ ಕಡೆಯವರು; ಜುಮೇರಾ ಲೇಕ್ ಟವರ್ಸ್‌ನ ಕಚೇರಿಯೊಂದರಲ್ಲಿ ಕೆಲಸ; ಊರಿನವರ ಸಂಘವೊಂದರ ಅಧ್ಯಕ್ಷರು.

“ಬರವಣಿಗೆ ಚಂದ ಉಂಟಲ್ಲ ಮೇಡಂ,” ಎಂದರು. “ಆರು ವರ್ಷ ಪ್ರಾಯದಿಂದ ನಮ್ಮ ಎಲ್ಲ ಪ್ರೋಗ್ರಾಮಿನ ನಿರೂಪಣೆ ಅವಳದ್ದೇ. ಸ್ಟೇಜಿಗೆ ಹತ್ತುವುದಕ್ಕೆ ಹೆದರಿಕೆಯೇ ಇಲ್ಲ.”

“ಇಳಿಯುವ ಅಭ್ಯಾಸವೂ ಇಲ್ಲ,” ಎಂದೆ.

ಅವರು ಅದನ್ನು ಹೊಗಳಿಕೆಯೆಂದು ತಿಳಿದು, ಮುಂದಿನ ಶುಕ್ರವಾರದ ಕಾರ್ಯಕ್ರಮಕ್ಕೆ ನನ್ನನ್ನು ಆಹ್ವಾನಿಸಿದರು. ರೋಗದ ಮೂಲ ತಿಳಿಯದೆ ಮದ್ದು ಕೊಡಬಾರದೆಂದು ನಾನು ಹೋದೆ. ಆಹ್ವಾನ ಪತ್ರಿಕೆಯಲ್ಲಿ ಒಂದು ನಾಟಕವಿತ್ತು. ಐದು ಗಂಟೆಗೆ ಪ್ರಾರ್ಥನೆ. ನಂತರ ಸ್ವಾಗತ ಭಾಷಣ. ಸ್ವಾಗತ ಭಾಷಣ ಮಾಡುವವರನ್ನು ಸ್ವಾಗತಿಸಲು ಇನ್ನೊಬ್ಬರು. ನಂತರ ಪ್ರಾಸ್ತಾವಿಕ ನುಡಿ, ಹೂಗುಚ್ಛ, ಶಾಲು, ಸ್ಮರಣಿಕೆ. ಶಾಲು ಹೊದಿಸಿಕೊಂಡವರ ಎರಡು ಮಾತು, ಅವುಗಳಲ್ಲಿ ಎರಡಕ್ಕೇ ನಿಂತದ್ದು ಒಂದೂ ಇರಲಿಲ್ಲ. ಇಷ್ಟನ್ನೂ ಆ ಹುಡುಗಿ ಒಂದು ಚೀಟಿಯನ್ನೂ ನೋಡದೆ, ಒಂದು ಹೆಸರನ್ನೂ ಬಿಡದೆ ನಡೆಸಿಕೊಟ್ಟಳು. ಎಂಟು ಗಂಟೆಗೆ ಸಭಾಂಗಣದವನು ಬಂದು ದೀಪ ಆರಿಸತೊಡಗಿದ. ಬಣ್ಣ ಹಚ್ಚಿಕೊಂಡು ಕಾದಿದ್ದ ನಟರು ಬಣ್ಣ ಅಳಿಸಿಕೊಂಡು ಊಟಕ್ಕೆ ಕುಳಿತರು.

ನಾಟಕಕ್ಕೆ ಸಮಯ ಉಳಿಯಲಿಲ್ಲ. ಸ್ಪಾರ್ಟಾಕ್ಕೂ ಆದದ್ದು ಇದೇ.

ನಿಂತೇ ಉತ್ತರ

ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್ ಪ್ರಶ್ನೆ ಕೇಳಿದರೆ ಎದ್ದು ನಿಲ್ಲಬೇಕು; ಉತ್ತರ ಬಾಯಿಂದ ಹೊರಬಿದ್ದ ಮೇಲಷ್ಟೇ ಕೂರಬೇಕು. ಪೀಠಿಕೆ ಹಾಕಿದವಳಿಗೆ ಕಾಲುನೋವು ನಿಶ್ಚಿತ. ಜನವರಿಯಲ್ಲಿ ಶಾಲೆ ಬಿಟ್ಟ ಮೇಲೆ ಅದೇ ಕ್ರಮವನ್ನು ಈ ಹುಡುಗಿಗೂ ವಿಧಿಸಿದೆ.

“ಅಥೆನ್ಸಿನದು ನಿಜವಾದ ಪ್ರಜಾಪ್ರಭುತ್ವ. ಒಪ್ಪುತ್ತೀಯಾ?”

“ಮಿಸ್, ಪ್ರಜಾಪ್ರಭುತ್ವ ಅಂದರೆ ಪ್ರಪಂಚಕ್ಕೆ ಒಂದು ದೊಡ್ಡ…”

“ನಿಂತಿರು.”

“ಮಿಸ್, ಅಥೆನ್ಸ್ ಅಂದ ಕೂಡಲೇ ನಮ್ಮ ನೆನಪಿಗೆ…”

“ನಿನ್ನ ನೆನಪನ್ನು ನಾನು ಕೇಳಲಿಲ್ಲ.”

ಹನ್ನೊಂದು ನಿಮಿಷ ಕಳೆಯಿತು. ಅವಳು ಕಾಲು ಬದಲಾಯಿಸಿದಳು. ನಾನು ಗಡಿಯಾರ ನೋಡಿದೆ. ಅಷ್ಟರಲ್ಲಿ ಶಾಲಾ ಬಸ್ಸಿನ ಆಯಾ ಬಾಗಿಲಿಗೆ ಬಂದು, “ಖಲಾಸ್, ಮೇಡಂ? ಯಲ್ಲಾ, ಬೇಗ ಬೇಗ, ಬಸ್ ಹೊರಡುತ್ತಿದೆ,” ಎಂದಳು.

“ಬಸ್ ಹೊರಡುತ್ತಿದೆ ಎಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಮಿಸ್!” ಎಂದು ಹುಡುಗಿ ಚೀಲ ಎತ್ತಿಕೊಂಡಳು. “ಆಧಾರ: ಡ್ರೈವರ್ ಹಾರ್ನ್ ಹಾಕುತ್ತಿದ್ದಾನೆ.”

ಐದು ತಿಂಗಳಲ್ಲಿ ಅವಳಿಂದ ನಾನು ಕೇಳಿದ ಮೊದಲ ಸರಿಯಾದ ಉತ್ತರ ಅದು. ಕಳುಹಿಸಿಕೊಟ್ಟೆ.

ಎರಡೂ ಕಡೆಯವರು

ಇಂಥ ಕೆಲವು ಸಂಜೆಗಳ ನಂತರ ಪೀಠಿಕೆ ಕರಗಿತು. ಆಗ ಅದರ ಅಡಿಯಲ್ಲಿದ್ದ ಇನ್ನೊಂದು ವ್ಯಾಧಿ ಕಾಣಿಸಿತು. ಪ್ರಬಂಧದ ಕೊನೆಯಲ್ಲಿ ತೀರ್ಪು ಬೇಕು. ಇವಳು ತೀರ್ಪು ಕೊಡುವವಳಲ್ಲ. ರೋಮಿನ ಗುಲಾಮರನ್ನು ಕುರಿತ ಪ್ರಶ್ನೆಗೆ ಆಧಾರಗಳನ್ನೆಲ್ಲ ಸರಿಯಾಗಿ ಬರೆದಳು: ಗಣಿಯಲ್ಲಿ ಸತ್ತವರು, ಮನೆಯಲ್ಲಿ ಹೊಡೆಸಿಕೊಂಡವರು, ಬಿಡುಗಡೆ ಪಡೆದು ವ್ಯಾಪಾರ ಮಾಡಿದವರು. ಕೊನೆಯ ಸಾಲು: ‘ಒಟ್ಟಿನಲ್ಲಿ ಯಜಮಾನರೂ ಒಳ್ಳೆಯವರು, ಗುಲಾಮರೂ ಒಳ್ಳೆಯವರು. ಇಬ್ಬರೂ ಸ್ವಲ್ಪ ಹೊಂದಿಕೊಂಡು ಹೋಗಬೇಕಾಗಿತ್ತು.’

ಪುಸ್ತಕವನ್ನು ಮೇಜಿನ ಮೇಲೆ ಅಪ್ಪಳಿಸಿದೆ. ಪಕ್ಕದ ಕೋಣೆಯಿಂದ ಗಣಿತದ ಶಿಕ್ಷಕರು ಬಂದು ನೋಡಿಹೋದರು.

“ಸರಪಳಿ ಹಾಕಿಸಿಕೊಂಡವನು ಇನ್ನೆಷ್ಟು ಹೊಂದಿಕೊಳ್ಳಬೇಕು?”

“ಮಿಸ್, ನಮ್ಮ ಮನೆಯಲ್ಲಿ ಯಾರದಾದರೂ ತಪ್ಪು ಅಂತ ಹೇಳಿದರೆ ಅವರು ಊಟ ಬಿಡ್ತಾರೆ.”

“ಇವರು ಸತ್ತು ಎರಡು ಸಾವಿರ ವರ್ಷವಾಯಿತು. ಯಾರೂ ಊಟ ಬಿಡುವುದಿಲ್ಲ. ತೀರ್ಪು ಬರೆ.”

ಮರುದಿನ ಬರೆದು ತಂದಳು: ‘ತಪ್ಪು ಯಜಮಾನರದೇ.’ ನನಗೆ ತೃಪ್ತಿಯಾಗುವುದರಲ್ಲಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ‘ಅವರ ಮನಸ್ಸಿಗೆ ನೋವಾಗಿದ್ದರೆ ಕ್ಷಮೆ ಇರಲಿ.’

ಪ್ರಾಂಶುಪಾಲರ ಕೋಣೆಯಲ್ಲಿ

ಫೆಬ್ರವರಿಯ ಉತ್ತರಪತ್ರಿಕೆಗೆ ನಾನು ಸಿ ಕೊಟ್ಟೆ. ಎರಡನೆಯ ಸಲ ನೋಡಿದ ಸಹೋದ್ಯೋಗಿ ಒಂದೇ ಒಂದು ಅಂಕ ಕಡಿಮೆ ಕೊಟ್ಟು ಅದನ್ನು ಡಿ ಮಾಡಿದರು. ಇಂಥ ಸಂದರ್ಭದಲ್ಲಿ ನಿರ್ಧಾರ ಪ್ರಾಂಶುಪಾಲರದು. ಭಾನುವಾರ, ಅಂದರೆ ಆಗ ಅಲ್ಲಿ ವಾರದ ಮೊದಲ ಕೆಲಸದ ದಿನ, ಬೆಳಿಗ್ಗೆ ಹುಡುಗಿ, ತಂದೆ ಮತ್ತು ನಾನು ಅವರ ಎದುರು ಕುಳಿತೆವು. ಆ ಆಂಗ್ಲ ಮಹನೀಯರು ಬಹಳ ಮೃದುವಾಗಿ ಮಾತನಾಡುತ್ತಿದ್ದರು. ಕೆಟ್ಟ ಸುದ್ದಿಯನ್ನು ಮೃದುವಾಗಿ ಹೇಳುವವರನ್ನು ಕಂಡರೆ ನನಗಾಗದು.

“ಈ ವರ್ಷ ನಿನ್ನ ಹೆಸರು ಕಳುಹಿಸದಿರುವುದೇ ನಿನಗೆ ಒಳ್ಳೆಯದು,” ಎಂದರು. “ಒಪ್ಪುತ್ತೀಯಲ್ಲ?”

ಬಾಯಿ ತೆರೆದಿದ್ದ ನಾನು ಮುಚ್ಚಿಕೊಂಡೆ. ಹುಡುಗಿ ಎದ್ದು ನಿಂತಿದ್ದಳು.

“ಒಪ್ಪುವುದಿಲ್ಲ, ಸರ್. ಆಧಾರ: ಡಿಸೆಂಬರಿಗಿಂತ ನನಗೆ ಹದಿನಾಲ್ಕು ಅಂಕ ಹೆಚ್ಚು ಬಂದಿದೆ. ಎರಡು ತಿಂಗಳಲ್ಲಿ ಇಷ್ಟು ಏರಿದವಳು ಮೇ ತಿಂಗಳೊಳಗೆ ಇನ್ನೂ ಏರಬಹುದು. ಇನ್ನೊಂದು ಪಕ್ಷವೂ ಇದೆ. ಡಿ ನನ್ನದೇ, ಅದನ್ನು ಯಾರೂ ಕದ್ದು ತಂದು ನನ್ನ ಮೇಲೆ ಹಾಕಲಿಲ್ಲ. ಆದರೆ ಆ ಡಿಗೆ ನೂರರಲ್ಲಿ ಎಪ್ಪತ್ತು ಪಾಲು ಕಾರಣ ನಾನು. ಮೂವತ್ತು ಪಾಲು ಮಿಸ್.”

ತಂದೆಯವರು ಕಣ್ಣು ಮುಚ್ಚಿಕೊಂಡರು.

“ಮಿಸ್‌ಗೆ ಸಿಟ್ಟು ಬಂದರೆ ಅವರ ಅಕ್ಷರ ಓದಲು ಆಗುವುದಿಲ್ಲ. ಡಿಸೆಂಬರಿನಲ್ಲಿ ಎರಡು ಪುಟ ಕೆಂಪು ಶಾಯಿಯಲ್ಲಿ ಬರೆದಿದ್ದರು. ನನಗೆ ಓದಲು ಸಿಕ್ಕಿದ್ದು ಒಂದೇ ಪದ. ‘ಅಯ್ಯೋ’. ಅದೂ ಕನ್ನಡದಲ್ಲಿತ್ತು.”

ಅಕ್ಷರಕ್ಕಾಗಿ ಕಾನ್ವೆಂಟಿನಲ್ಲಿ ಮೂರು ವರ್ಷ ಬಹುಮಾನ ಪಡೆದವಳು ನಾನು. ತಂದೆಯವರು ಥಟ್ಟನೆ ಎದ್ದು ಕೈಮುಗಿದು, “ಸರ್, ನಿಮ್ಮ ಅಮೂಲ್ಯ ಸಮಯ ಕೊಟ್ಟದ್ದಕ್ಕೆ, ಹಾಗೆಯೇ ಮೇಡಂ ಅವರಿಗೂ…” ಎಂದು ಆರಂಭಿಸಿದರು.

“ಪಪ್ಪಾ, ಕೂತ್ಕೊಳ್ಳಿ. ಕನ್‌ಕ್ಲೂಷನ್ ಇನ್ನೂ ಆಗಲಿಲ್ಲ,” ಎಂದಳು ಮಗಳು. “ತೀರ್ಪು: ಹೆಸರು ಕಳುಹಿಸಬೇಕು. ಬರೆದು ಸೋತರೆ ತಪ್ಪು ನನ್ನದು. ಬರೆಯಲಿಕ್ಕೇ ಬಿಡದಿದ್ದರೆ ತಪ್ಪು ಶಾಲೆಯದು.” ಕುಳಿತುಬಿಟ್ಟಳು. ಕ್ಷಮೆ ಕೇಳಲಿಲ್ಲ.

ಪ್ರಾಂಶುಪಾಲರು ನನ್ನ ಕಡೆ ನೋಡಿದರು. ನಾನು ಹುಡುಗಿಯ ಕಡೆ ಕೈ ತೋರಿಸಿದೆ. ಅವರು ಲೇಖನಿ ತೆಗೆದು ಅವಳ ಹೆಸರು ಕಳುಹಿಸುವ ಅರ್ಜಿಗೆ ಸಹಿ ಹಾಕಿದರು. ಮೇ ತಿಂಗಳಲ್ಲಿ ಅವಳು ಪರೀಕ್ಷೆ ಬರೆದಳು. ಆಗಸ್ಟಿನಲ್ಲಿ ಬಿ ಬಂತು. ಈಗ ಅವಳು ವಕೀಲೆ.

ಆ ಬೆಳಿಗ್ಗೆ ಮಾತ್ರ ತಂದೆಯವರಿಗೆ ಸಮಾಧಾನವಿರಲಿಲ್ಲ. ಹೊರಗೆ ಬಂದವರೇ ನನ್ನ ಹಿಂದೆ ಓಡಿಬಂದರು.

“ಮೇಡಂ, ಬೇಸರ ಮಾಡಬೇಡಿ ಆಯ್ತಾ. ಸಣ್ಣ ಪ್ರಾಯ. ನಿಮ್ಮ ಎದುರೇ ಮೂವತ್ತು ಪಾಲು ಅಂತ ಹೇಳಿಬಿಟ್ಟಳಲ್ಲ!”

“ಅವಳು ಹೇಳಿದ್ದು ತಪ್ಪು,” ಎಂದೆ.

“ಅಲ್ವಾ ಮೇಡಂ! ನಾನೂ ಅದೇ ಹೇಳುದು!”

“ಇಪ್ಪತ್ತೈದು.”