ಸೇತುವೆ ನಿರ್ಮಾಣ, ಮೂರನೇ ಸಂಪುಟ

ವಾಚ್‌ಮನ್ ಮಾವನ ಆ ದಿನದ ಗ್ರಹಚಾರ ಶುರುವಾದದ್ದು ಒಂದು ಆಕಳಿಕೆಯಿಂದ.

ಆಕಳಿಸುವುದು ಅಪರಾಧವೇನಲ್ಲ. ಆದರೆ ಮಾವ ಆಕಳಿಸಿದ್ದು ಬೆಳಗಿನ ಆರು ಗಂಟೆಗೆ, ಸೆಕ್ಯುರಿಟಿ ಕಂಪನಿಯ ಸೂಪರ್‌ವೈಸರ್ ಮುಖದೆದುರಿಗೆ, ಅದೂ ಅವನು “ರಾತ್ರಿ ಎಚ್ಚರವಾಗಿದ್ರಿ ತಾನೇ?” ಎಂದು ಕೇಳಿದ ಮರುಕ್ಷಣ. ಮಾವ ಕಾಯುತ್ತಿದ್ದದ್ದು ಹಾಸಿಗೆ ಕಂಪನಿಯ ಗೋಡೌನು. ಒಳಗೆ ನಾನೂರು ಹಾಸಿಗೆಗಳು ಪ್ಲಾಸ್ಟಿಕ್ ಹೊದ್ದು ಹಾಯಾಗಿ ಮಲಗಿರುತ್ತಿದ್ದವು. ಹೊರಗೆ ಮಾವ ಕಬ್ಬಿಣದ ಸ್ಟೂಲಿನ ಮೇಲೆ ಕೂತು, ಅವುಗಳ ನಿದ್ದೆ ಕೆಡದಂತೆ ರಾತ್ರಿಯಿಡೀ ನೋಡಿಕೊಳ್ಳಬೇಕಿತ್ತು.

“ಎರಡು ಮೆಮೊ ಕೊಟ್ಟಾಗಿದೆ. ಮೂರನೇದು ಬರೆದು ಜೇಬಲ್ಲಿ ಇಟ್ಕೊಂಡಿದೀನಿ, ತಾರೀಕೊಂದು ಹಾಕೋದು ಬಾಕಿ,” ಎಂದ ಸೂಪರ್‌ವೈಸರ್. “ಇವತ್ತು ರಾತ್ರಿ ಯಾವಾಗ ಬೇಕಾದ್ರೂ ಬರ್ತೀನಿ. ತೂಕಡಿಸ್ತಾ ಸಿಕ್ಕಿದ್ರೆ ಯೂನಿಫಾರಂ ಅಲ್ಲೇ ಬಿಚ್ಚಿಟ್ಟು ಮನೆಗೆ ಹೋಗ್ತಾ ಇರಿ.”

ಮಾವನಿಗೆ ಐವತ್ತಾರು. ಈ ವಯಸ್ಸಿನಲ್ಲಿ ಯೂನಿಫಾರಂ ಬಿಚ್ಚಿಟ್ಟರೆ ಇನ್ನೊಂದನ್ನು ತೊಡಿಸುವವರು ಯಾರೂ ಇಲ್ಲ. ಹಗಲು ನಾಲ್ಕು ಗಂಟೆ ಕಣ್ಣು ಮುಚ್ಚಿದರೆ ರಾತ್ರಿ ಕಣ್ಣು ತೆರೆದಿರುತ್ತದೆ, ನೌಕರಿ ಉಳಿಯುತ್ತದೆ. ಆ ನಾಲ್ಕು ಗಂಟೆಯೇ ಸಿಗುತ್ತಿರಲಿಲ್ಲ.

ಸಿಗುವುದಾದರೂ ಹೇಗೆ? ಮಾವನ ಮನೆಯ ಎಡಗೋಡೆಗೆ ಅಂಟಿಕೊಂಡು ಟೈಲರ್ ಅಂಗಡಿ. ನೆತ್ತಿಯ ಮೇಲೆ ನಿವೃತ್ತ ಹೆಡ್‌ಮಾಸ್ಟರ ಟ್ಯೂಷನ್, ಅಲ್ಲಿ ಇಪ್ಪತ್ತು ಮಕ್ಕಳು ಹದಿನೇಳರ ಮಗ್ಗಿಯನ್ನು ಯಾರೋ ಕದ್ದುಕೊಂಡು ಓಡುತ್ತಿದ್ದಾರೇನೋ ಎಂಬಂತೆ ಕಿರಿಚುತ್ತಿದ್ದರು. ಇವೆರಡನ್ನೂ ಮೀರಿಸಿ ಮಾತಾಡಬಲ್ಲವಳೆಂದರೆ ಮಾವನ ಹೆಂಡತಿ ಒಬ್ಬಳೇ.

“ಮಲಗೋದಾದ್ರೆ ಮಲಗ್ರೀ, ಬೇಡ ಅಂದೋರು ಯಾರು?” ಎಂದು ಆಕೆ ಅಡುಗೆಮನೆಯಿಂದ ಕೂಗಿದಳು. ಐದು ನಿಮಿಷಕ್ಕೆ ಇನ್ನೊಮ್ಮೆ, “ನಿದ್ದೆ ಬಂತಾ?”

ಮೆಮೊ ವಿಷಯ ಹೆಂಡತಿಗೆ ಹೇಳುವ ಧೈರ್ಯ ಮಾವನಿಗಿರಲಿಲ್ಲ. ಎದ್ದು ಟೈಲರ್ ಬಳಿ ಹೋಗಿ ಕೈಮುಗಿದರು. “ಒಂದೇ ಒಂದು ದಿನ ಮಿಷನ್ ನಿಲ್ಸಪ್ಪಾ.”

“ಮಾವಾ, ಎಪ್ಪತ್ತು ಜೊತೆ ಸ್ಕೂಲ್ ಯೂನಿಫಾರಂ ಬಾಕಿ ಇದೆ. ಮಿಷನ್ ನಿಂತ್ರೆ ನನ್ನ ಒಲೆ ನಿಲ್ಲುತ್ತೆ,” ಎಂದ ಟೈಲರ್, ಪೆಡಲು ತುಳಿಯುವುದನ್ನು ನಿಲ್ಲಿಸದೆ. “ದೊಡ್ಡ ರಸ್ತೇಲಿ ಹೊಸ ಲೈಬ್ರರಿ ತೆಗೆದಿದಾರಲ್ಲ, ಅಲ್ಲಿಗೆ ಹೋಗಿ. ಎಸಿ ಅಂತೆ, ಕೂತ್ರೆ ಸೊಂಟದವರೆಗೂ ಇಳಿಯೋ ಕುರ್ಚಿ ಅಂತೆ. ಸೂಜಿ ಬಿದ್ರೂ ಕೇಳುತ್ತಂತೆ!”

ಹೆಂಡತಿ ಸ್ನಾನಕ್ಕೆ ಹೋದದ್ದೇ ತಡ, ಮಾವ ತಲೆದಿಂಬನ್ನು ಹೂವಿನ ಚೀಲಕ್ಕೆ ತುರುಕಿಕೊಂಡು ಲೈಬ್ರರಿಯ ದಾರಿ ಹಿಡಿದರು.

ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಒಳಗಿನ ತಂಪಿಗೆ ಮಾವನ ರೆಪ್ಪೆಗಳು ಹೊಸ್ತಿಲಲ್ಲೇ ಅರ್ಧ ಇಳಿದವು. ಆದರೆ ಎದುರಿಗೆ ಕೌಂಟರು, ಕೌಂಟರಿನ ಹಿಂದೆ ಲೈಬ್ರರಿ ಮೇಡಂ. ಪಿಸುಮಾತಿನಲ್ಲೇ ಬೈದು ಎದುರಿಗಿದ್ದವರ ಬೆವರಿಳಿಸಬಲ್ಲ ಹೆಂಗಸು.

“ಚೀಲದಲ್ಲೇನಿದೆ?”

“ಊಟ, ಮೇಡಂ.”

ಆಕೆ ಬೆರಳಿನಿಂದ ಒತ್ತಿ ನೋಡಿದರು. ಬೆರಳು ಒಳಗಿಳಿಯಿತು. “ತುಂಬಾ ಮೆತ್ತಗಿದೆ.”

“ಹಲ್ಲು ಸರಿ ಇಲ್ಲ ಮೇಡಂ.”

ಚೀಲ ಕೌಂಟರಿನಲ್ಲೇ ಉಳಿಯಿತು. ಮಾವನ ಕೈಗೆ ಐದನೇ ನಂಬರಿನ ಟೋಕನ್ ಬಂತು. ದಿಂಬಿಲ್ಲದಿದ್ದರೇನಂತೆ, ಹದಿನೆಂಟು ವರ್ಷ ಸ್ಟೂಲಿನ ಮೇಲೆ ಪಳಗಿದ ಕತ್ತು. ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಟೈಲರ್ ಸುಳ್ಳು ಹೇಳಿರಲಿಲ್ಲ, ನಿಜಕ್ಕೂ ಸೊಂಟದವರೆಗೆ ಇಳಿದರು. ಅಷ್ಟು ದೊಡ್ಡ ಹಾಲಿನಲ್ಲಿ ಮಾವನನ್ನು ಬಿಟ್ಟರೆ ಇನ್ನಿಬ್ಬರೇ ಇದ್ದರು. ಕಣ್ಣು ಮುಚ್ಚಿತು.

ಟಪ್!

ಮೇಡಂ ನಿಂತಿದ್ದರು. ಕೈಯಲ್ಲಿ ಒಂದು ಮೊಳದ ರೂಲು, ಶಬ್ದವಾಗಬಾರದೆಂದು ಅದಕ್ಕೆ ಬಟ್ಟೆ ಸುತ್ತಿತ್ತು. ಅದರಿಂದಲೇ ಮಾವನ ಮುಂದಿನ ಮೇಜಿಗೆ ತಟ್ಟಿದ್ದರು.

“ಇಲ್ಲಿ ಓದಬೇಕು. ಮಲಗೋ ಹಾಗಿಲ್ಲ,” ಎಂದು ಪಿಸುಗುಟ್ಟಿದರು. “ಬಂದೋರದ್ದೆಲ್ಲ ಇದೇ ಕತೆ. ಕೌಂಟರೂ ನೋಡ್ಲೋ, ನಿಮ್ಮನ್ನೆಲ್ಲ ಎಬ್ಬಿಸ್ತಾ ಓಡಾಡ್ಲೋ? ಸೆಕ್ಯುರಿಟಿ ಕಂಪನಿಗೆ ಹೇಳಿದೀನಿ, ಎಬ್ಬಿಸೋಕೇ ಅಂತ ಒಬ್ಬ ಮನುಷ್ಯನ್ನ ಕಳಿಸ್ತಾರಂತೆ.”

ಓದಲೇಬೇಕಾದರೆ ಓದೋಣ ಎಂದುಕೊಂಡು ಮಾವ ಕಪಾಟುಗಳ ನಡುವೆ ಓಡಾಡಿ, ತನ್ನ ಮುಖಕ್ಕಿಂತ ಅಗಲವಾದ ಪುಸ್ತಕವೊಂದನ್ನು ಅಳತೆ ನೋಡಿ ಆರಿಸಿದರು. ರಟ್ಟಿನ ಮೇಲೆ ‘ಸೇತುವೆ ನಿರ್ಮಾಣ, ಮೂರನೇ ಸಂಪುಟ’ ಎಂದಿತ್ತು. ಅದನ್ನು ಗೋಡೆಯಂತೆ ಮೇಜಿನ ಮೇಲೆ ನಿಲ್ಲಿಸಿ, ಹಿಂದೆ ಗಲ್ಲಕ್ಕೆ ಕೈಕೊಟ್ಟು ಕೂತರು. ಎರಡೇ ನಿಮಿಷದಲ್ಲಿ ನಿದ್ದೆ ಬಂತು. ನಿದ್ದೆಯ ಹಿಂದೆಯೇ ಗೊರಕೆ ಬಂತು.

ಗೊರಕೆ ಕೇಳಿ ಪುಸ್ತಕದ ಮೇಲಿಂದ ಇಣುಕಿದವರು ಬೇರೆ ಯಾರೂ ಅಲ್ಲ, ಮೇಲ್ಮನೆಯ ಹೆಡ್‌ಮಾಸ್ಟರು. ಬೆಳಗಿನ ಟ್ಯೂಷನ್ ಮುಗಿಸಿ ಪೇಪರ್ ಓದಲು ಬಂದಿದ್ದರು. ಅವರ ಕಿವಿ ಸ್ವಲ್ಪ ಮಂದ. ಗೊರಕೆಯನ್ನು ಅವರು ಬಾಯಿಬಿಟ್ಟು ಓದುವ ಸದ್ದೆಂದೇ ತಿಳಿದರು.

“ಏನಯ್ಯಾ ಇದು! ಸೇತುವೆ ನಿರ್ಮಾಣ! ಅದೂ ಮೂರನೇ ಸಂಪುಟ!”

ಮಾವ ಬೆಚ್ಚಿ ಎದ್ದರು. “ಹೌದು ಸಾರ್.”

“ಮೊದಲಿನ ಎರಡು?”

ಓದಿಲ್ಲ ಎಂದರೆ ಮೊದಲಿನಿಂದ ಓದಬೇಕಾದ ಮಹತ್ವದ ಬಗ್ಗೆ ಅರ್ಧ ಗಂಟೆ ಭಾಷಣ ಗ್ಯಾರಂಟಿ. ಅರ್ಧ ಗಂಟೆಯ ನಿದ್ದೆ ಉಳಿಸಲು ಮಾವ ಚಿಕ್ಕದೊಂದು ಸುಳ್ಳು ಹೇಳಿದರು. “ಓದಿ ಮುಗ್ಸಿದೆ ಸಾರ್. ರಾತ್ರಿ, ಡ್ಯೂಟೀಲಿ.”

ಹೆಡ್‌ಮಾಸ್ಟರ ಕಣ್ಣು ಒದ್ದೆಯಾಯಿತು. “ಮೂವತ್ತೈದು ವರ್ಷ ಪಾಠ ಮಾಡಿದೆ ಕಣಯ್ಯಾ. ನನ್ನ ಕೈಯಲ್ಲಿ ಕಲಿತೋರು ಒಬ್ರೂ ಮೂರನೇ ಸಂಪುಟದ ತನಕ ಹೋಗ್ಲಿಲ್ಲ. ನೀನು ಓದು. ನಾನು ತೊಂದ್ರೆ ಕೊಡಲ್ಲ.”

ಅವರು ಹೋದರು. ಮಾವ ದೇವರಿಗೆ ಒಂದು ನಮಸ್ಕಾರ ಹಾಕಿ ಮತ್ತೆ ಸೇತುವೆಯ ಮರೆಗೆ ಸರಿದರು.

ಹೆಡ್‌ಮಾಸ್ಟರು ಹೋದದ್ದು ನೇರ ಬೀದಿಗೆ. ಬೀದಿಯ ಬಾಯಲ್ಲಿ ಸುದ್ದಿ ಸುಮ್ಮನೆ ಕೂರುವಂಥದ್ದಲ್ಲ. ತಿರುವಿನಲ್ಲಿ ‘ವಾಚ್‌ಮನ್ ಮಾವ ಮೂರನೇ ಸಂಪುಟ ಓದುತ್ತಿದ್ದಾರೆ’ ಎಂದಿದ್ದದ್ದು, ನಲ್ಲಿಯ ಹತ್ತಿರ ‘ಇಂಜಿನಿಯರ್ ಪರೀಕ್ಷೆ ಕಟ್ಟಿದ್ದಾರೆ’ ಎಂದಾಯಿತು. ಟೈಲರ್ ಅಂಗಡಿ ಮುಟ್ಟುವ ಹೊತ್ತಿಗೆ ಮಾವ ಪಾಸಾಗಿ, ಎಲ್ಲೋ ಒಂದು ನದಿಗೆ ಸೇತುವೆ ಕಟ್ಟಲು ಅವರಿಗೆ ಕರೆಯೂ ಬಂದಿತ್ತು. ಟೈಲರ್ ಮಿಷನ್ ನಿಲ್ಲಿಸಿಬಿಟ್ಟ. ಒಲೆ ನಿಲ್ಲುತ್ತದೆಂದು ಒಂದು ದಿನಕ್ಕೂ ನಿಲ್ಲಿಸಲೊಪ್ಪದ ಮಿಷನ್ನು!

ಅರ್ಧ ಗಂಟೆಯಲ್ಲಿ ಬೀದಿಗೆ ಬೀದಿಯೇ ಲೈಬ್ರರಿಯೊಳಗೆ ನುಗ್ಗಿತು. ಮುಂದೆ ಹೆಡ್‌ಮಾಸ್ಟರು, ಹಿಂದೆ ಟ್ಯೂಷನ್ ಮಕ್ಕಳ ಸಾಲು, ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದ ಟೈಲರ್, ಎಲ್ಲರ ನಡುವೆ ಹೆಂಡತಿ.

“ರೀ, ಇಷ್ಟು ವರ್ಷದಲ್ಲಿ ನನ್ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ?” ಎಂದು ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಹಗಲೆಲ್ಲಾ ಬರೀ ನಿದ್ದೆ ನಿದ್ದೆ ಅಂತಾರೆ ಅಂತ ನಿಮ್ಮನ್ನ ಎಷ್ಟು ಬೈದಿದೀನಿ! ದಿಂಬು ಕೂಡ ತಂದಿದೀರಿ ಪಾಪ, ಬೆನ್ನಿಗೆ ಕೊಟ್ಕೊಂಡು ಓದೋಕೆ.” ಕೌಂಟರಿನಲ್ಲಿದ್ದ ಹೂವಿನ ಚೀಲವನ್ನು ಗುರುತು ಹಿಡಿದು ಬಿಡಿಸಿಕೊಂಡು ಬಂದಿದ್ದಳು. ಮಾವ ಕೈಚಾಚಿದರು. ಅಷ್ಟರಲ್ಲಿ ಟೈಲರ್ ನಡುವೆ ಬಂದ.

“ಮಾವಾ, ನಮ್ಮ ಬೀದಿ ಚರಂಡಿಗೊಂದು ಸೇತುವೆ ಹಾಕ್ಸಿಕೊಡಿ. ಎಷ್ಟು ಅಗಲ ಬೇಕು ಹೇಳಿ, ಟೇಪು ತಂದಿದೀನಿ.”

“ಗಟ್ಟಿ ಇರಬೇಕು ಅಷ್ಟೇ,” ಎಂದರು ಮಾವ, ನಿದ್ದೆಗಣ್ಣಿನಲ್ಲಿ.

“ಬರ್ಕೊಳ್ರೋ!” ಎಂದರು ಹೆಡ್‌ಮಾಸ್ಟರು. ಇಪ್ಪತ್ತು ಮಕ್ಕಳು ಬರೆದುಕೊಂಡರು.

ಮೇಡಂ ರೂಲು ಹಿಡಿದು ಓಡಿಬಂದವರು ಅರ್ಧದಲ್ಲೇ ನಿಂತರು. ಲೈಬ್ರರಿ ತೆರೆದು ಹತ್ತು ದಿನವಾಗಿತ್ತು, ದಿನಕ್ಕೆ ನಾಲ್ಕು ಜನ ಬಂದರೆ ಹೆಚ್ಚು. ಎಷ್ಟು ಮಂದಿ ಬಂದರು ಎಂದು ಮೇಲಿನವರು ಪ್ರತಿ ಸಂಜೆ ಫೋನ್ ಮಾಡಿ ಕೇಳಿದಾಗಲೆಲ್ಲ ಆಕೆಯ ಪಿಸುಮಾತು ಇನ್ನೂ ಸಣ್ಣದಾಗುತ್ತಿತ್ತು. ಈಗ ಕಣ್ಣೆದುರಿಗೆ ಅರವತ್ತು ತಲೆ! ಆಕೆ ಬೈಯುವುದನ್ನು ಬಿಟ್ಟು ಸದಸ್ಯತ್ವದ ಫಾರಂ ಹಂಚತೊಡಗಿದರು. “ಕೂತ್ಕೊಳ್ಳಿ, ಎಲ್ರೂ ಕೂತ್ಕೊಳ್ಳಿ. ಕುರ್ಚಿ ಬೇಕಾದಷ್ಟಿವೆ.”

ಎಲ್ಲರೂ ಕೂತು ಫಾರಂ ತುಂಬತೊಡಗಿದರು. ಆಗ ಮಾವನಿಗೆ ಥಟ್ಟನೆ ಹೊಳೆಯಿತು. ಟೈಲರ್ ಇಲ್ಲಿದ್ದಾನೆ. ಹೆಡ್‌ಮಾಸ್ಟರು ಇಲ್ಲಿದ್ದಾರೆ. ಮಗ್ಗಿ ಹೇಳುವ ಇಪ್ಪತ್ತು ಬಾಯಿಗಳೂ ಇಲ್ಲಿವೆ. ಹೆಂಡತಿಯೂ ಇಲ್ಲಿದ್ದಾಳೆ. ಹಾಗಾದರೆ ಬೀದಿಯಲ್ಲಿ ಉಳಿದವರು ಯಾರು?

ಮಾವ ಬೆಕ್ಕಿನಂತೆ ಜಾರಿಕೊಂಡು ಹೊರಬಿದ್ದವರು, ಮನೆ ಮುಟ್ಟುವವರೆಗೆ ನಿಲ್ಲಲಿಲ್ಲ. ಬೀದಿ ನಿಶ್ಶಬ್ದವಾಗಿತ್ತು. ಅಲ್ಲಿ ಹತ್ತೊಂಬತ್ತು ವರ್ಷ ಬಾಳಿದ ಮಾವನಿಗೆ ತಮ್ಮ ಚಪ್ಪಲಿಯ ಸದ್ದು ಕೇಳಿಸಿದ್ದು ಅದೇ ಮೊದಲು. ಓಡಿ ಬಾಗಿಲು ತಳ್ಳಿದರು.

ಬೀಗ ಹಾಕಿತ್ತು. ಬೀಗದ ಕೈ ಹೆಂಡತಿಯ ಸೊಂಟದಲ್ಲಿತ್ತು.

ಮೆಟ್ಟಿಲ ಮೇಲಾದರೂ ಮಲಗೋಣವೆಂದು ಕೂತರೆ, ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾದ ಹೆಂಚಾಗಿತ್ತು. ಕೂತಷ್ಟೇ ವೇಗವಾಗಿ ಎದ್ದರು. ಇಡೀ ಬೀದಿಯಲ್ಲಿ ಸದ್ದಿಲ್ಲ, ಮಲಗಲು ಒಂದು ಗೇಣು ಜಾಗವೂ ಇಲ್ಲ. ಮಾವನಿಗೆ ಅಳು ಬಂತು. ಅಳುತ್ತ ಕೂರಲೂ ಪುರುಸೊತ್ತಿರಲಿಲ್ಲ, ಗಂಟೆ ಮೂರಾಗುತ್ತ ಬಂದಿತ್ತು. ಕೈಕಾಲು ಎಳೆದುಕೊಂಡು ಮತ್ತೆ ಲೈಬ್ರರಿಗೆ ಬಂದರು.

ಹಾಲಿನ ಬಾಗಿಲು ತೆರೆದವರು ನಿಂತಲ್ಲೇ ನಿಂತುಬಿಟ್ಟರು.

ಬೀದಿಗೆ ಬೀದಿಯೇ ಮಲಗಿತ್ತು. ತಂಪು ಗಾಳಿ, ಸೊಂಟದವರೆಗೆ ಇಳಿಯುವ ಕುರ್ಚಿ, ಮುಂದೆ ನಾಲ್ಕು ಪುಟದ ಫಾರಂ, ಇನ್ನೇನಾಗುತ್ತದೆ? ಹೆಡ್‌ಮಾಸ್ಟರು ‘ತಂದೆಯ ಹೆಸರು’ ಎಂಬಲ್ಲಿಗೆ ಬಂದು ಪೆನ್ನು ಹಿಡಿದಂತೆಯೇ ನಿದ್ದೆಹೋಗಿದ್ದರು. ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಒರಗಿದ್ದರು. ಮಾವನ ಕಿಟಕಿ ಪಕ್ಕದ ಕುರ್ಚಿಯಲ್ಲಿ, ಮೂರನೇ ಸಂಪುಟದ ಮರೆಯಲ್ಲಿ, ಟೈಲರ್ ಬಾಯಿ ಕಳೆದು ಮಲಗಿದ್ದ. ಹೆಂಡತಿ ಮಾವನ ದಿಂಬಿನ ಮೇಲೆ ಕೆನ್ನೆಯಿಟ್ಟು, ಮುಖದಲ್ಲಿ ಇಂಜಿನಿಯರ ಹೆಂಡತಿಯ ಗಾಂಭೀರ್ಯ ತಂದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಖಾಲಿ ಕುರ್ಚಿ ಒಂದೂ ಇರಲಿಲ್ಲ.

ಮಾವ ತುದಿಗಾಲಲ್ಲಿ ಹೋಗಿ ಹೆಂಡತಿಯ ಸೊಂಟದ ಬೀಗದ ಕೈಗೆ ಕೈ ಹಾಕಿದರು. ಆಕೆ ನಿದ್ದೆಯಲ್ಲೇ ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ಮಾವ ಭುಜ ಅಲುಗಿಸಿದರು. ಏಳಲಿಲ್ಲ. ಇನ್ನಷ್ಟು ಬಗ್ಗಿ ಜೋರಾಗಿ ಅಲುಗಿಸಿದರು.

“ನೋಡಿದ್ರಾ ಮೇಡಂ!” ಎಂಬ ದನಿ ಹಿಂದಿನಿಂದ ಬಂತು.

ಮಾವ ಹೆಂಡತಿಯ ಭುಜ ಬಿಟ್ಟು ನೆಟ್ಟಗಾದರು. ಆ ದನಿಯನ್ನು ಅವರು ಎಲ್ಲಿದ್ದರೂ ಗುರುತಿಸಬಲ್ಲರು. ಬಾಗಿಲಲ್ಲಿ ಮೇಡಂ, ಅವರ ಪಕ್ಕದಲ್ಲಿ ಸೂಪರ್‌ವೈಸರ್. ಮೇಡಂ ಹೇಳಿದ್ದ ಸೆಕ್ಯುರಿಟಿ ಕಂಪನಿ ಮಾವನ ಕಂಪನಿಯೇ ಆಗಿತ್ತು.

“ಇಡೀ ಹಾಲು ಮಲಗಿದೆ, ಎದ್ದಿರೋನು ಇವನೊಬ್ನೇ!” ಎಂದ ಸೂಪರ್‌ವೈಸರ್, ಗದ್ಗದಿತನಾಗಿ. “ಡ್ಯೂಟಿ ಇಲ್ಲದಾಗಲೂ ಬಂದು ಜನರನ್ನ ಎಬ್ಬಿಸ್ತಿದಾನೆ ನೋಡಿ! ನಾನು ಇಂಥ ಮನುಷ್ಯನಿಗೆ ಎರಡು ಮೆಮೊ ಕೊಟ್ಟೆನಲ್ಲಾ!”

“ಇಷ್ಟು ಜನ ಬಂದಿದ್ದೇ ಇವರಿಂದ,” ಎಂದು ಮೇಡಂ ಪಿಸುಗುಟ್ಟಿದರು. “ನಂಗೆ ಇವರೇ ಬೇಕು.”

“ಸಾರ್, ನಂಗೆ ಸ್ವಲ್ಪ ನಿದ್ದೆ...” ಎಂದು ಮಾವ ಶುರುಮಾಡಿದರು.

“ಗೊತ್ತಾಯ್ತು ಬಿಡಿ, ನಿಮ್ಗೆ ನಿದ್ದೆ ಅನ್ನೋದೇ ಇಲ್ಲ. ತಪ್ಪು ನಂದೇ.” ಸೂಪರ್‌ವೈಸರ್ ಜೇಬಿನಿಂದ ಮೂರನೇ ಮೆಮೊ ತೆಗೆದು, ಮಾವನೆದುರೇ ಹರಿದು ಬುಟ್ಟಿಗೆ ಹಾಕಿದ. “ನಿಮ್ಮ ನೌಕರಿ ಎಲ್ಲೂ ಹೋಗಲ್ಲ. ಇವತ್ತಿಂದ ಹಗಲು ಇಲ್ಲಿ, ರಾತ್ರಿ ಗೋಡೌನು. ಎರಡೂ ನಿಮ್ದೇ! ಈಗ್ಲೇ ಶುರು ಹಚ್ಕೊಳ್ಳಿ.”

ಮೇಡಂ ಬಟ್ಟೆ ಸುತ್ತಿದ ರೂಲನ್ನು ಎರಡೂ ಕೈಯಲ್ಲಿ ಹಿಡಿದು ಮಾವನಿಗೆ ಒಪ್ಪಿಸಿದರು. ಜೊತೆಗೆ ಒಂದು ನಿಯಮವನ್ನೂ ತಿಳಿಸಿದರು. ಎಬ್ಬಿಸುವವರು ಕೂರುವ ಹಾಗಿಲ್ಲ.

ಹೆಂಡತಿಯನ್ನು ಎಬ್ಬಿಸಲು ಮಾವನಿಗೆ ಮನಸ್ಸಾಗಲಿಲ್ಲ, ಧೈರ್ಯವೂ ಇರಲಿಲ್ಲ. ಭಾರವಾದ ರೆಪ್ಪೆಗಳನ್ನು ಎತ್ತಿ ಹಿಡಿದು ಕಿಟಕಿಯ ಬಳಿಗೆ ನಡೆದು, ಮೂರನೇ ಸಂಪುಟವನ್ನು ಪಕ್ಕಕ್ಕೆ ಸರಿಸಿ, ಮೇಜಿಗೆ ಟಪ್ ಎಂದು ತಟ್ಟಿದರು.

ಟೈಲರ್ ಒಂದು ಕಣ್ಣು ತೆರೆದ. ಮಾವನನ್ನೂ ರೂಲನ್ನೂ ನೋಡಿ ಅವನ ಮುಖ ಹುಳ್ಳಗಾಯಿತು.

“ಏನ್ ಮಾವಾ ನೀವು! ಮನುಷ್ಯ ಹಗಲೊತ್ತು ಒಂದು ಗಳಿಗೆ ಕಣ್ಣು ಮುಚ್ಚೋ ಹಾಗಿಲ್ವಾ?” ಎಂದು ಗೊಣಗುತ್ತ ಅವನು ಮಗ್ಗುಲು ಬದಲಿಸಿದ. “ನಿದ್ದೆಗೆಟ್ಟೋರ ಕಷ್ಟ ನಿಮ್ಗೇನು ಗೊತ್ತು, ಬಿಡಿ.”